ಹೂಳೆತ್ತಿದರೂ ತುಂಬದ ಕೆರೆ: ಬಯಲುಸೀಮೆಯ ಒಂದು ಸಣ್ಣ ಪಟ್ಟಣದ ಪ್ರಕರಣ ಅಧ್ಯಯನ

ಪೂರ್ವ ಬಯಲುಸೀಮೆಯ ಒಂದು ಸಣ್ಣ ಪಟ್ಟಣದಲ್ಲಿ 2019ರಿಂದ 2024ರವರೆಗೆ ನಡೆದ ಕೆರೆ ಮತ್ತು ಜಲಾನಯನ ಕೆಲಸದ ವಿವರ ಇದು. ಊರು, ಕೆರೆ, ಅಧಿಕಾರಿಗಳು, ರೈತರು ಯಾರ ಗುರುತೂ ಸಿಗಬಾರದೆಂದು ಹೆಸರುಗಳನ್ನು ಬಿಟ್ಟಿದ್ದೇನೆ; ಅದೇ ಕಾರಣಕ್ಕೆ ವಿಸ್ತೀರ್ಣ ಮತ್ತು ದೂರಗಳನ್ನು ಸ್ಥೂಲವಾಗಿ ಮಾತ್ರ ಹೇಳಿದ್ದೇನೆ. ಇಂಥ ಕೆಲಸಗಳ ವರದಿಗಳಲ್ಲಿ ಎಷ್ಟು ಹೂಳು ತೆಗೆದರು, ಎಷ್ಟು ಹಣ ಖರ್ಚಾಯಿತು ಎಂಬ ಲೆಕ್ಕ ಸಿಗುತ್ತದೆ. ಕೆಲಸ ಎಲ್ಲಿ ದಾರಿ ತಪ್ಪಿತು, ಯಾವ ಹಂತದಲ್ಲಿ ಯಾರು ಮನಸ್ಸು ಬದಲಿಸಿದರು, ಏಕೆ ಬದಲಿಸಿದರು ಎಂಬುದು ಸಿಗುವುದು ಅಪರೂಪ. ಆದ್ದರಿಂದ ಇಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಿನ್ನೆಲೆ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಡೆ ವರ್ಷವಿಡೀ ಹರಿಯುವ ಹೊಳೆಗಳಿಲ್ಲ. ಹಾಗಾಗಿ ಹಿಂದಿನವರು ತಗ್ಗಿನುದ್ದಕ್ಕೂ ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ, ಹೀಗೆ ಹೊರಬಿದ್ದ ಹೆಚ್ಚುವರಿ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಸೇರಬೇಕು ಎಂಬುದು ಆ ಏರ್ಪಾಟಿನ ಆಧಾರ. ರಾಜ್ಯದಲ್ಲಿರುವ ಸುಮಾರು 36 ಸಾವಿರ ಕೆರೆಗಳಲ್ಲಿ ಬಯಲುಸೀಮೆಯವು ಬಹುಮಟ್ಟಿಗೆ ಇಂಥ ಸರಪಳಿಗಳ ಕೊಂಡಿಗಳು. ನಮ್ಮ ಪ್ರಕರಣದ ಕೆರೆಯೂ ಒಂದು ಸರಪಳಿಯ ನಡುವಿನದು. ಉತ್ತರದ ಕಲ್ಲುಗುಡ್ಡ ಮತ್ತು ಗೋಮಾಳದಿಂದ ಒಂದು ಪೋಷಕ ಕಾಲುವೆ, ಮೇಲಿನ ಕೆರೆಯ ಕೋಡಿಯಿಂದ ಇನ್ನೊಂದು ಕಾಲುವೆ ಬಂದು, ಊರಿನ ಹೊರಗೆ ಎರಡೂ ಕೂಡಿ ಕೆರೆಗೆ ಇಳಿಯುತ್ತಿದ್ದವು.

ಊರಿನ ಕುಡಿಯುವ ನೀರು ಪೂರ್ತಿ ಬೋರ್‌ವೆಲ್‌ಗಳದ್ದು. ನೆಲದಡಿಯಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಜಾತಿಯ ಗಟ್ಟಿ ಶಿಲೆ; ನೀರು ನಿಲ್ಲುವುದು ಬಂಡೆ ಸವೆದು ಸಡಿಲವಾದ ಮೇಲಿನ ಶಿಥಿಲ ಪದರದಲ್ಲಿ ಮತ್ತು ಅದರ ಕೆಳಗಿನ ಬಂಡೆಯ ಬಿರುಕುಗಳಲ್ಲಿ ಮಾತ್ರ. ಶಿಥಿಲ ಪದರದ ನೀರು ಮುಗಿದು ತೆರೆದ ಬಾವಿಗಳು ಬತ್ತಿದ ಮೇಲೆ ಬೋರ್‌ವೆಲ್‌ಗಳು ಸಾವಿರ ಅಡಿಗೂ ಕೆಳಗೆ ಇಳಿದವು. ಆ ಆಳದ ನೀರಿನಲ್ಲಿ ಫ್ಲೋರೈಡ್ ಅಂಶ, ಲೀಟರಿಗೆ 1.5 ಮಿಲಿಗ್ರಾಂ ಎಂಬ ಕುಡಿಯುವ ನೀರಿನ ಗರಿಷ್ಠ ಮಿತಿಯನ್ನು ಕೆಲವು ಕಡೆ ದಾಟಿತ್ತು. ಕೆರೆ ತುಂಬಿದರೆ ಶಿಥಿಲ ಪದರ ಮತ್ತೆ ನೀರು ಹಿಡಿಯುತ್ತದೆ, ಬಾವಿಗಳಿಗೆ ಜೀವ ಬರುತ್ತದೆ ಎಂಬುದು ಊರಿನವರ ಅನುಭವದ ಮಾತಾಗಿತ್ತು. ಭೂವಿಜ್ಞಾನವೂ ಅದನ್ನೇ ಹೇಳುತ್ತದೆ.

ಆದರೆ ಕೆರೆ ಒಬ್ಬರ ಕೈಯಲ್ಲಿರಲಿಲ್ಲ. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಜಮೀನು, ಇರುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ಚಿಕ್ಕವು ಪಂಚಾಯತ್ ರಾಜ್ ಸಂಸ್ಥೆಗಳಿಗೆ ಸೇರುತ್ತವೆ. ಇದು ಮೊದಲನೆಯ ಗುಂಪಿನದು. ಹೀಗಾಗಿ ಏರಿ, ತೂಬು, ಕೋಡಿ ಮತ್ತು ನೀರು ನಿಲ್ಲುವ ಅಂಗಳ ಇಲಾಖೆಯವು. ಊರಿನ ಚರಂಡಿ ಮತ್ತು ಒಂದು ಬದಿಯ ದಡ ಪಟ್ಟಣ ಪಂಚಾಯಿತಿಗೆ ಸೇರಿದ್ದವು. ನೀರು ಹುಟ್ಟುವ ಗುಡ್ಡ, ಗೋಮಾಳ ಮತ್ತು ಕಾಲುವೆಯ ಬಹುಭಾಗ ಪಕ್ಕದ ಎರಡು ಗ್ರಾಮ ಪಂಚಾಯಿತಿಗಳ ವ್ಯಾಪ್ತಿಯಲ್ಲಿದ್ದರೆ, ಕಾಲುವೆಯ ಜಾಗ ಕಂದಾಯ ಇಲಾಖೆಯ ಕಡತದಲ್ಲಿತ್ತು. ವಿಜಯನಗರದ ಮೊದಲನೆಯ ಬುಕ್ಕನ ಮಗ ಭಾಸ್ಕರ ಕಟ್ಟಿಸಿದ, ಈಗಿನ ಆಂಧ್ರಪ್ರದೇಶದ ಪೋರುಮಾಮಿಳ್ಳದ ಕೆರೆಯ 1369ರ ಶಾಸನ, ಕೆರೆಗೆ ಇರಬಾರದ ಆರು ದೋಷಗಳನ್ನು ಹೇಳುತ್ತದೆ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು ಅವುಗಳಲ್ಲೊಂದು. ವಿಶಾಲವಾದ ನೆಲಕ್ಕೆ ಅಲ್ಪ ನೀರು ಬರುವುದು ಇನ್ನೊಂದು. ಆರೂವರೆ ಶತಮಾನದ ಹಿಂದೆ ಗುರುತಿಸಿದ್ದ ಆ ಎರಡು ದೋಷಗಳೂ ಈ ಕೆರೆಗೆ ಅಂಟಿಕೊಂಡಿದ್ದವು; ರಾಜ್ಯಗಳ ಗಡಿಯ ಬದಲು ಇಲ್ಲಿದ್ದದ್ದು ಇಲಾಖೆ ಮತ್ತು ಪಂಚಾಯಿತಿಗಳ ಗಡಿ. ಮೊದಲನೆಯ ದೋಷವೇ ಎರಡನೆಯದಕ್ಕೆ ಕಾರಣವಾಗಿತ್ತು ಎಂಬುದು ನನ್ನ ಅಭಿಪ್ರಾಯ.

ಮೊದಲ ಪ್ರಯತ್ನ

2019ರ ಬೇಸಿಗೆಯಲ್ಲಿ ಅಚ್ಚುಕಟ್ಟಿನ ರೈತರು, ಅಂಗಡಿಯವರು, ನಿವೃತ್ತ ಶಿಕ್ಷಕರು ಮತ್ತು ಪಟ್ಟಣ ಪಂಚಾಯಿತಿಯ ಕೆಲವು ಸದಸ್ಯರು ಸೇರಿ ಒಂದು ಕೆರೆ ಸಮಿತಿ ಮಾಡಿಕೊಂಡರು. ಅಂಗಳದ ತುಂಬ ಬಳ್ಳಾರಿ ಜಾಲಿ ಬೆಳೆದಿತ್ತು, ತೂಬಿನ ಬಾಯಿ ಹೂಳಿನಲ್ಲಿ ಮುಚ್ಚಿಹೋಗಿತ್ತು. ಕಣ್ಣಿಗೆ ಕಾಣುತ್ತಿದ್ದ ಸಮಸ್ಯೆ ಅದೇ ಆದ್ದರಿಂದ ಹೂಳೆತ್ತಬೇಕೆಂಬ ತೀರ್ಮಾನಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಇಲಾಖೆಯ ಅನುಮತಿ ಸಿಕ್ಕಿತು. ಜೆಸಿಬಿ ಮತ್ತು ಹಿಟಾಚಿಯ ಬಾಡಿಗೆ ದಾನಿಗಳಿಂದ, ಮಣ್ಣು ಸಾಗಿಸುವ ಟ್ರಾಕ್ಟರ್ ಖರ್ಚು ರೈತರಿಂದ ಎಂದು ಒಪ್ಪಂದವಾಯಿತು.

ಈ ಹಂತದಲ್ಲಿ ಸಮಿತಿ ಮಾಡಿದ ಕೆಲವು ಕೆಲಸಗಳು ಇಂದಿಗೂ ಮಾದರಿಯಾಗಿವೆ. ಏರಿಯ ಬುಡದಿಂದ ಸಾಕಷ್ಟು ಅಂತರ ಬಿಟ್ಟು, ಇಲಾಖೆಯ ಎಂಜಿನಿಯರ್ ಸುಣ್ಣದ ಗೆರೆ ಹಾಕಿಕೊಟ್ಟ ಜಾಗದಲ್ಲಿ ಮಾತ್ರ ಅಗೆಯಲಾಯಿತು; ಏರಿಗೆ ಅಂಟಿಕೊಂಡು ಆಳ ತೋಡಿದರೆ ಅದರ ಕಾಲೇ ಕಿತ್ತಂತೆ, ತುಂಬಿದ ವರ್ಷ ಏರಿ ಒಡೆಯುವ ಭಯವಿರುತ್ತದೆ. ಹೂಳಿನ ಕೆಳಗೆ ಗರಸು ಮಣ್ಣು ಕಂಡ ಕೂಡಲೇ ಅಗೆತ ನಿಲ್ಲಿಸುವುದೆಂದು ಗೊತ್ತುಮಾಡಲಾಯಿತು. ಇಟ್ಟಿಗೆ ಗೂಡುಗಳಿಗೆ ಒಂದು ಲೋಡ್ ಮಣ್ಣನ್ನೂ ಕೊಡಲಿಲ್ಲ. ಹೊಲಕ್ಕೆ ಒಯ್ಯುವ ಮುನ್ನ ಹೂಳಿನ ಮಾದರಿಗಳನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಲಾಯಿತು, ಏಕೆಂದರೆ ಜೇಡಿ ತುಂಬಿದ ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ನೀರು ನಿಲ್ಲದ ಮರಳುಮಿಶ್ರಿತ ಕೆಂಪು ಹೊಲಕ್ಕೆ ಒಳ್ಳೆಯದಾದರೂ ಎರೆಹೊಲಕ್ಕೆ ಉಪಯೋಗವಿಲ್ಲ, ಲವಣ ಹೆಚ್ಚಿದ್ದರೆ ಯಾವ ಹೊಲಕ್ಕೂ ಕೇಡೇ. ಊರಿನ ಚರಂಡಿ ಬಂದು ಸೇರುವ ಮೂಲೆಯ ಹೂಳನ್ನು ಹೊಲಗಳಿಗೆ ಕೊಡಬಾರದೆಂಬ ತೀರ್ಮಾನವೂ ಅದೇ ಪರೀಕ್ಷೆಯಿಂದ ಬಂತು. ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಬುಡದಿಂದ ಮತ್ತೆ ಪೊದೆಯಾಗಿ ಚಿಗುರುತ್ತದೆಂದು ಬೇರು ಸಮೇತ ಕೀಳಿಸಿದರು.

ಆ ವರ್ಷ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಳೆ ಚೆನ್ನಾಗಿಯೇ ಆಯಿತು. ರಾಗಿ ಕೈಹಿಡಿಯಿತು. ಕೆರೆಗೆ ಮಾತ್ರ ನೀರು ಬರಲಿಲ್ಲ. ಅಗೆದ ಗುಂಡಿಗಳ ತಳದಲ್ಲಿ ಅಂಗಳದ ಮೇಲೆಯೇ ಬಿದ್ದ ಮಳೆ ನಿಂತಿತ್ತು. ಚರಂಡಿಯ ಮೂಲೆಯಲ್ಲಿ ಎಂದಿನಂತೆ ಹಸಿರುಗಟ್ಟಿದ ನೀರಿತ್ತು. ದಾನ ಕೊಟ್ಟವರು ಸಮಿತಿಯನ್ನು ಪ್ರಶ್ನಿಸಿದರು, ಸಮಿತಿಯೊಳಗೆ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದರು, ಇಬ್ಬರು ಸದಸ್ಯರು ಹೊರಗೆ ಹೋದರು.

ಪ್ರಶ್ನೆ ಬದಲಾದ ಬಗೆ

ಮಳೆಗಾಲ ಮುಗಿಯುವ ಮೊದಲೇ ಕರೆದ ಸಭೆಯಲ್ಲಿ ಬಹುಮಂದಿಯ ಒತ್ತಾಯ, ಮುಂದಿನ ಬೇಸಿಗೆಯಲ್ಲಿ ಇನ್ನಷ್ಟು ಆಳಕ್ಕೆ ಹೂಳು ತೆಗೆಯಬೇಕು ಎಂಬುದೇ ಆಗಿತ್ತು. ಆ ಸಭೆಯ ದಿಕ್ಕು ಬದಲಿಸಿದವರು, ತೂಬು ಎತ್ತಿ ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುತ್ತಿದ್ದ ನೀರುಗಂಟಿ ಮನೆತನದ ಒಬ್ಬ ಹಿರಿಯರು. ಅವರು ಎಂಜಿನಿಯರನ್ನು ಉದ್ದೇಶಿಸಿ, “ಸ್ವಾಮಿ, ಮಡಕೆ ದೊಡ್ಡದು ಮಾಡಿದ್ರಿ, ಸರಿ. ನೀರು ಬರೋ ದಾರೀಲಿ ಒಂದು ಸಲ ನಡೆದು ನೋಡಿದ್ರಾ?” ಎಂದು ಕೇಳಿದರು. ಯಾರೂ ನೋಡಿರಲಿಲ್ಲ. ಮುಂದಿನ ಒಂದು ರೂಪಾಯಿ ಖರ್ಚು ಮಾಡುವ ಮುನ್ನ, ಕೆರೆಯ ಬಾಯಿಯಿಂದ ಗುಡ್ಡದ ನೆತ್ತಿಯವರೆಗೆ ಕಾಲುವೆಯುದ್ದಕ್ಕೂ, ಅದೂ ಮಳೆ ಬರುತ್ತಿರುವಾಗ, ನಡೆದು ನೋಡಬೇಕೆಂದು ಸಭೆ ತೀರ್ಮಾನಿಸಿತು. ಈ ಪ್ರಕರಣದಲ್ಲಿ ಇದಕ್ಕಿಂತ ಕಡಿಮೆ ಖರ್ಚಿನ, ಇದಕ್ಕಿಂತ ಹೆಚ್ಚು ಫಲ ಕೊಟ್ಟ ತೀರ್ಮಾನ ಇನ್ನೊಂದಿಲ್ಲ.

ಒಣಗಿದ ಕಾಲುವೆ ಏನನ್ನೂ ಹೇಳದು. ಹರಿಯುವ ನೀರು ತಾನು ಎಲ್ಲಿ ನಿಲ್ಲುತ್ತದೆ, ಎಲ್ಲಿ ದಾರಿ ಬಿಡುತ್ತದೆ ಎಂಬುದನ್ನು ತಾನೇ ತೋರಿಸುತ್ತದೆ. ಊರಿನ ಹೊರವರ್ತುಲ ರಸ್ತೆ ಕಾಲುವೆಯನ್ನು ದಾಟುವ ಕಡೆ ಒಂದು ಮೋರಿಯಿತ್ತು. ಅದರ ಕಾಂಕ್ರೀಟ್ ತಳ ಕಾಲುವೆಯ ತಳಕ್ಕಿಂತ ಮೊಣಕಾಲೆತ್ತರ ಮೇಲಿತ್ತು. ಬಂದ ನೀರು ಮೋರಿಯ ಬಾಯಲ್ಲಿ ಕೆಂಪಗೆ ತಿರುಗಿ, ತನ್ನೊಡನೆ ತಂದ ಮಣ್ಣನ್ನೆಲ್ಲ ಅಲ್ಲೇ ಇಳಿಸಿ, ಮಟ್ಟ ಏರಿದ ಮೇಲೆ ರಸ್ತೆಯ ಬದಿ ಹಿಡಿದು ಪಕ್ಕದ ಹಳ್ಳಕ್ಕೆ ಹೋಗಿಬಿಡುತ್ತಿತ್ತು. ಮೋರಿಯೊಳಗೆ ಬಿದ್ದಿದ್ದ ಒಣ ಎಲೆಗಳು ನೆನೆದೂ ಇರಲಿಲ್ಲ. ರಸ್ತೆ ಮಾಡಿದವರಿಗೆ ಅದು ರಸ್ತೆಯಡಿಯ ಒಂದು ರಂಧ್ರವಾಗಿತ್ತು. ಕೆರೆಗೆ ಅದು ಗಂಟಲಾಗಿತ್ತು ಎಂಬುದು ಯಾವ ನಕ್ಷೆಯಲ್ಲೂ ಇರಲಿಲ್ಲ.

ಅದರಿಂದ ಮೇಲೆ ಹೋದರೆ ಕಾಲುವೆಯ ಅರ್ಧ ಅಗಲವನ್ನು ಒಂದು ಹೊಸ ಬಡಾವಣೆಯ ರಸ್ತೆ ನುಂಗಿತ್ತು, ಉಳಿದರ್ಧದಲ್ಲಿ ಒಡೆದ ಗೋಡೆಯ ಇಟ್ಟಿಗೆ, ಗಾರೆ, ಪ್ಲಾಸ್ಟಿಕ್ ತುಂಬಿತ್ತು. ಇನ್ನೂ ಮೇಲೆ ಸಣ್ಣ ಹಿಡುವಳಿದಾರರು ಕಾಲುವೆಯನ್ನು ಹೊಲಕ್ಕೆ ಸೇರಿಸಿ ಉತ್ತಿದ್ದರು. ಗೋಮಾಳದ ಇಳಿಜಾರಿನಲ್ಲಿ ಕೊರಕಲುಗಳು ಎದ್ದು, ಪ್ರತಿ ಬಿರುಮಳೆಯೂ ಮಣ್ಣನ್ನು ಹೊತ್ತು ತರುತ್ತಿತ್ತು. ಕೆರೆಯಲ್ಲಿ ತುಂಬಿದ್ದ ಹೂಳಿನ ಮೂಲ ಅಲ್ಲಿತ್ತು. ಕೆರೆಗೆ ವಾಪಸು ಬಂದು ನೋಡಿದಾಗ ಕೋಡಿಯ ಕಲ್ಲುಕಟ್ಟಡದಲ್ಲಿ ಒಂದು ಕಡೆ ಕಲ್ಲುಗಳನ್ನು ಕಿತ್ತು ಕಚ್ಚು ಮಾಡಿದ್ದದ್ದೂ ಕಂಡಿತು. ಅಂಗಳದ ಹಿಂಭಾಗದಲ್ಲಿ ಸಾಗುವಳಿ ಮಾಡುತ್ತಿದ್ದವರು ತಮ್ಮ ಬೆಳೆ ಮುಳುಗದಂತೆ ಎಂದೋ ಮಾಡಿಕೊಂಡ ವ್ಯವಸ್ಥೆ ಅದು. ಅಂದರೆ ನೀರು ಬಂದಿದ್ದರೂ ಕೆರೆ ಪೂರ್ಣ ಮಟ್ಟಕ್ಕೆ ತುಂಬುತ್ತಿರಲಿಲ್ಲ. ಹೂಳೆತ್ತುವ ಅವಸರದಲ್ಲಿ ಕೋಡಿಯತ್ತ ಯಾರ ಗಮನವೂ ಹೋಗಿರಲಿಲ್ಲ.

ಆ ನಡಿಗೆಯ ನಂತರ ಸಮಿತಿ ಒಂದು ಸರಳ ಲೆಕ್ಕ ಹಾಕಿತು. ಒಂದು ಎಕರೆ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ನಾಲ್ಕು ಸಾವಿರ ಲೀಟರ್ ನೀರು. ಅದರಲ್ಲಿ ಹರಿದು ಕೆಳಗೆ ಬರುವುದು ಸಣ್ಣ ಪಾಲು. ಆದರೂ ಸಾವಿರಾರು ಎಕರೆ ಜಲಾನಯನದ ಆ ಸಣ್ಣ ಪಾಲು, ಅಂಗಳದಲ್ಲಿ ಮತ್ತೊಂದು ಅಡಿ ಅಗೆಯುವುದರಿಂದ ಸಿಗುವ ಜಾಗಕ್ಕಿಂತ ಬಹಳ ಮುಖ್ಯ. ಎರಡನೆಯ ವರ್ಷಕ್ಕೆ ಕೂಡಿಸಿದ ಹಣವನ್ನು ಅಂಗಳಕ್ಕೆ ಹಾಕದೆ ಕಾಲುವೆಗೆ ಮತ್ತು ಕೋಡಿಗೆ ಹಾಕಬೇಕೆಂಬ ಠರಾವು, ಸಾಕಷ್ಟು ವಿರೋಧದ ನಡುವೆ, ಅಂಗೀಕಾರವಾಯಿತು. ಕಾಲುವೆಗೆ ಹಣ ಕೇಳುವುದು ಕಷ್ಟ. ಹೂಳೆತ್ತುವ ಯಂತ್ರದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಬಹುದು, ಮೋರಿಯ ತಳ ಇಳಿಸಿದ್ದಕ್ಕೆ ಉದ್ಘಾಟನೆ ಇರುವುದಿಲ್ಲ.

ಮೇಲೆ ತಡೆಯುವುದೋ, ಕೆಳಗೆ ಬಿಡುವುದೋ

2020ರ ಬೇಸಿಗೆಯಲ್ಲಿ ಲಾಕ್‌ಡೌನ್‌ನಿಂದಾಗಿ ಬೆಂಗಳೂರಿಗೆ ದುಡಿಯಲು ಹೋಗಿದ್ದವರು ಊರಿಗೆ ಮರಳಿದರು. ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಬೇಡಿಕೆ ಏರಿತು. ಆ ಯೋಜನೆ ಗ್ರಾಮೀಣ ಪ್ರದೇಶಕ್ಕೆ ಮಾತ್ರ ಅನ್ವಯಿಸುತ್ತಿದ್ದುದರಿಂದ ಪಟ್ಟಣದ ಗಡಿಯೊಳಗಿನ ಕೆರೆಗೆ ಅದರ ಹಣ ಬಳಸುವಂತಿರಲಿಲ್ಲ, ಆದರೆ ನೀರು ಹುಟ್ಟುವ ಗುಡ್ಡ ಗ್ರಾಮ ಪಂಚಾಯಿತಿಯಲ್ಲಿತ್ತು. ಅಷ್ಟು ಕಾಲ ತೊಡಕಾಗಿದ್ದ ಗಡಿ ಇಲ್ಲಿ ಅನುಕೂಲವಾಗಿ ಒದಗಿತು. ಸಮಿತಿಯವರು ಎರಡೂ ಪಂಚಾಯಿತಿಗಳ ಅಧ್ಯಕ್ಷರನ್ನೂ ಪಿಡಿಒಗಳನ್ನೂ ಕಂಡು, ಕೆಲಸ ಜಲಾನಯನದಲ್ಲೇ ನಡೆಯಲಿ ಎಂದು ಕೇಳಿಕೊಂಡರು.

ಅವರು ಒಪ್ಪಿದರು, ಆದರೆ ಅವರ ಕ್ರಿಯಾಯೋಜನೆ ನೋಡಿದಾಗ ಹೊಸ ಪೇಚು ಎದುರಾಯಿತು. ಹಳ್ಳದುದ್ದಕ್ಕೂ ಒಂದರ ಹಿಂದೊಂದು ಚೆಕ್ ಡ್ಯಾಂ, ಹೊಲಗಳಲ್ಲಿ ಪ್ಲಾಸ್ಟಿಕ್ ಹಾಸಿದ ದೊಡ್ಡ ಕೃಷಿ ಹೊಂಡಗಳು. ಮೇಲಿನ ಹಳ್ಳಿಗಳವರ ದೃಷ್ಟಿಯಲ್ಲಿ ಇದು ನ್ಯಾಯವೇ: ತಮ್ಮ ಹೊಲದ ಮೇಲೆ ಬಿದ್ದ ಮಳೆ ತಮ್ಮ ಬಾವಿಗೇ ಇಳಿಯಲಿ ಎಂದು ಯಾರು ಬಯಸುವುದಿಲ್ಲ? ಆದರೆ ಅಷ್ಟನ್ನೂ ಕಟ್ಟಿದರೆ ಸಾಧಾರಣ ಮಳೆಯ ವರ್ಷದಲ್ಲಿ ಕೆಳಗಿನ ಕೆರೆಗೆ ಹನಿಯೂ ಉಳಿಯುತ್ತಿರಲಿಲ್ಲ. ಅರ್ಕಾವತಿ ಕಣಿವೆಯ ತಿಪ್ಪಗೊಂಡನಹಳ್ಳಿ ಜಲಾಶಯದ ಒಳಹರಿವು ದಶಕಗಳಿಂದ ಕುಗ್ಗುತ್ತ ಬಂದದ್ದರ ಹಿಂದೆ, ಕುಸಿದ ಅಂತರ್ಜಲ ಮತ್ತು ನೀಲಗಿರಿ ತೋಪುಗಳ ಜೊತೆಗೆ, ಹಳ್ಳಗಳ ಮೇಲಿನ ಇಂಥ ಸಾಲು ಸಾಲು ತಡೆಗಳನ್ನೂ ಅಧ್ಯಯನ ಮಾಡಿದವರು ಎತ್ತಿ ತೋರಿಸುತ್ತಾರೆ. ನೀರು ಹಿಡಿಯುವ ಪ್ರತಿ ಕೆಲಸವೂ ತನ್ನಷ್ಟಕ್ಕೆ ಒಳ್ಳೆಯದೇ, ಆದರೆ ಒಂದೇ ಹಳ್ಳದಲ್ಲಿ ಹತ್ತು ಒಳ್ಳೆಯ ಕೆಲಸ ಕೂಡಿದರೆ ಕೆಳಗಿನವರ ಪಾಲಿಗೆ ಅದು ಕೆಟ್ಟದ್ದೇ. ಜಲಸಂರಕ್ಷಣೆಯ ಮಾತಾಡುವ ನಾವು ಈ ಸತ್ಯವನ್ನು ಬಾಯಿಬಿಟ್ಟು ಹೇಳುವುದು ಕಡಿಮೆ.

ಮೂರು ಕಡೆಯವರೂ ಕೂತು ಆಡಿದ ಮಾತುಕತೆ ಹಲವು ಸುತ್ತು ನಡೆಯಿತು. ಒಂದು ಪಂಚಾಯಿತಿಯ ಸದಸ್ಯೆಯೊಬ್ಬರು ನೇರವಾಗಿ, “ಪಟ್ಟಣದೋರ ಕೆರೆಗೆ ನೀರು ಕೊಟ್ಟು ನಮ್ಮ ದನ ಕೆರೆ ಹುಡುಕ್ಕೊಂಡು ಹೋಗ್ಬೇಕಾ ಅಣ್ಣ?” ಎಂದು ಕೇಳಿದ್ದು ಮಾತುಕತೆಗೆ ಗಟ್ಟಿ ನೆಲ ಕೊಟ್ಟಿತು. ಮೇಲಿನವರಿಗೆ ನಿಜವಾಗಿ ಬೇಕಾದದ್ದೇನು ಎಂದು ಅಂದಿನಿಂದ ಪಟ್ಟಿ ಮಾಡತೊಡಗಿದರು. ದನಕರುಗಳಿಗೆ ನೀರು, ಹೊಲದ ಮಣ್ಣು ಕೊಚ್ಚಿಹೋಗದಿರುವುದು, ಹಳ್ಳಿಯ ಪಕ್ಕದ ಎರಡು ತೆರೆದ ಬಾವಿಗಳಿಗೆ ಒರತೆ. ಇಷ್ಟಕ್ಕೆ ಹಳ್ಳವನ್ನೇ ಕಟ್ಟಬೇಕಾಗಿರಲಿಲ್ಲ.

ಕೊನೆಗೆ ಒಪ್ಪಿದ್ದು ಹೀಗೆ. ಮುಖ್ಯ ಹಳ್ಳಕ್ಕೆ ಹೊಸ ಚೆಕ್ ಡ್ಯಾಂ ಬೇಡ. ಹಾಳುಬಿದ್ದಿದ್ದ ಎರಡು ಗೋಕಟ್ಟೆಗಳನ್ನು ಸರಿಮಾಡಿ ಅವುಗಳ ಹೂಳನ್ನು ಮೇಲಿನ ರೈತರಿಗೇ ಕೊಡುವುದು. ಗೋಮಾಳದ ಇಳಿಜಾರಿನಲ್ಲಿ ಒಂದೇ ಎತ್ತರದ ಗೆರೆ ಹಿಡಿದು ಬಿಟ್ಟು ಬಿಟ್ಟು ತೋಡಿದ ಇಂಗುಗುಂಡಿಗಳು, ಕೊರಕಲುಗಳಿಗೆ ಅಡ್ಡಲಾಗಿ ಸಿಮೆಂಟಿಲ್ಲದ ಕಲ್ಲುತಡೆಗಳು, ಹೊಲಗಳಿಗೆ ಬದು ಮತ್ತು ಹೆಚ್ಚಾದ ನೀರು ಹೊರಹೋಗಲು ಕಲ್ಲು ಹಾಸಿದ ತೂಬುಗಂಡಿ. ಇಂಗುಗುಂಡಿಗಳು ಸಣ್ಣ ಮಳೆಯ ನೀರನ್ನು ಕುಡಿಯುತ್ತವೆ ನಿಜ, ಆದರೆ ಈ ಭಾಗದಲ್ಲಿ ಕೆರೆ ತುಂಬಿಸುವುದು ವರ್ಷದ ಕೆಲವೇ ಬಿರುಮಳೆಗಳು. ಆ ನೀರು ಗುಂಡಿಗಳನ್ನು ತುಂಬಿಯೂ ಕೆಳಗೆ ಹರಿಯುತ್ತದೆ. ಕಲ್ಲುತಡೆಗಳು ಅದರ ವೇಗವನ್ನೂ ಮಣ್ಣನ್ನೂ ತಗ್ಗಿಸುತ್ತವೆಯೇ ಹೊರತು ನೀರನ್ನು ಹಿಡಿದಿಡುವುದಿಲ್ಲ. ಕಾಲುವೆ ಕೆರೆಗೆ ಇಳಿಯುವ ಮುನ್ನ ಒಂದು ಹೂಳುಗುಂಡಿಯನ್ನೂ ತೋಡಲಾಯಿತು. ಕೂಲಿಯೇ ಪ್ರಧಾನವಾದ ಇಂಥ ಕೆಲಸಗಳು ಉದ್ಯೋಗ ಖಾತರಿಯ ನಿಯಮಕ್ಕೂ ಸರಿಹೊಂದಿದವು. ನಂತರದ ವರ್ಷಗಳಲ್ಲಿ ಒಂದು ಪಂಚಾಯಿತಿಯಲ್ಲಿ ಅಂತರ್ಜಲ ನಿರ್ವಹಣೆಯ ಅಟಲ್ ಭೂಜಲ ಯೋಜನೆಯಡಿ ನೀರಿನ ಆಯವ್ಯಯ ತಯಾರಾದಾಗ, ಈ ಮಾತುಕತೆಯಲ್ಲಿ ಬಾಯಿಮಾತಿನಲ್ಲಿ ಆಡಿದ್ದೆಲ್ಲ ಕೋಷ್ಟಕದ ರೂಪಕ್ಕೆ ಬಂತು.

ಒತ್ತುವರಿ: ಯಾರಿಂದ ಆರಂಭಿಸಬೇಕು

ಕಾಲುವೆಯ ಜಾಗ ಯಾರದ್ದೆಂಬುದರಲ್ಲಿ ಕಾನೂನಿನ ಗೊಂದಲವಿಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೆಯ ಕಲಮಿನಂತೆ ಖಾಸಗಿ ಒಡೆತನ ಸಾಬೀತಾಗದ ಹಳ್ಳ, ಕಾಲುವೆ, ಕೆರೆಗಳು ಸರ್ಕಾರದ ಸ್ವತ್ತು. ಸಾರ್ವಜನಿಕ ಬಳಕೆಯ ಜಾಗಗಳ ಒತ್ತುವರಿಯನ್ನು ತೆರವು ಮಾಡಿಸುವಂತೆ ಸುಪ್ರೀಂ ಕೋರ್ಟ್ 2011ರ ಜಗ್‌ಪಾಲ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಎಲ್ಲ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿದೆ. ಗ್ರಾಮನಕ್ಷೆಯಲ್ಲಿ ಕಾಲುವೆ ಜೋಡಿಗೆರೆಯಾಗಿ ಸ್ಪಷ್ಟವಾಗಿತ್ತು. ಕಷ್ಟವಿದ್ದದ್ದು ಊರಿನ ಮನಸ್ಸಿನಲ್ಲಿ.

2021ರ ಆರಂಭದಲ್ಲಿ ತಹಶೀಲ್ದಾರರ ಆದೇಶದಂತೆ ಅಳತೆಗೆ ಬಂದ ಭೂಮಾಪಕರು, ದಾರಿ ಸುಲಭವಾಗಿದ್ದ ಮೇಲಿನ ತುದಿಯಿಂದ ಆರಂಭಿಸಲು ಹೊರಟರು. ಅಲ್ಲಿ ಮೊದಲು ಸಿಗುತ್ತಿದ್ದದ್ದು ಒಬ್ಬ ವಿಧವೆಯ ಕುಂಟೆ ಲೆಕ್ಕದ ಹೊಲ. ಬಡಾವಣೆ ಇದ್ದದ್ದು ಕೆಳಗೆ. ಸಮಿತಿ ಅಂದು ಅಳತೆಯನ್ನು ನಿಲ್ಲಿಸುವಂತೆ ಲಿಖಿತವಾಗಿ ಕೋರಿ ಎರಡು ಷರತ್ತುಗಳನ್ನು ಮುಂದಿಟ್ಟಿತು. ಕಾಲುವೆಯ ಪೂರ್ತಿ ಉದ್ದ ಅಳೆದು, ಎರಡೂ ಬದಿಗೆ ಕಲ್ಲು ನೆಟ್ಟು, ಒತ್ತುವರಿಯ ಪಟ್ಟಿಯನ್ನು ಪಟ್ಟಣ ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕುವವರೆಗೆ ಒಂದಡಿಯನ್ನೂ ತೆರವು ಮಾಡಬಾರದು. ತೆರವು ಆರಂಭವಾಗುವುದು ಅತಿ ಹೆಚ್ಚು ಜಾಗ ಹಿಡಿದವರಿಂದ, ಅಂದರೆ ಬಡಾವಣೆಯಿಂದ.

ಇದರಿಂದ ಕೆಲವು ತಿಂಗಳು ತಡವಾಯಿತು. ಸಮಿತಿ ಅಭಿವೃದ್ಧಿಗೆ ಅಡ್ಡಿಯೆಂಬ ಮಾತನ್ನೂ ಕೇಳಬೇಕಾಯಿತು. ಆದರೆ ಪಟ್ಟಿ ಫಲಕದ ಮೇಲೆ ಬಂದ ದಿನದಿಂದ ವಾತಾವರಣ ಬದಲಾಯಿತು. ಬಡಾವಣೆಯವರು ರಸ್ತೆಯನ್ನು ಹಿಂದಕ್ಕೆ ಸರಿಸಲು ಒಪ್ಪಿದ ಮೇಲೆ ಮೇಲಿನ ಸಣ್ಣ ರೈತರಲ್ಲಿ ಹೆಚ್ಚಿನವರು, ನಿಂತ ಬೆಳೆ ಕೊಯ್ಲಾಗುವವರೆಗೆ ಸಮಯ ಕೇಳಿ, ತಾವಾಗಿಯೇ ಜಾಗ ಬಿಟ್ಟರು. ಒಬ್ಬರು ಮಾತ್ರ ನ್ಯಾಯಾಲಯಕ್ಕೆ ಹೋದರು; ಆ ಭಾಗದಲ್ಲಿ ಕಾಲುವೆ ಇಂದಿಗೂ ಇಕ್ಕಟ್ಟಾಗಿಯೇ ಇದೆ. ಬಡವರ ಹೊಲದಿಂದ ಆರಂಭಿಸಿದ್ದರೆ ಕೆಲಸ ಮೊದಲ ವಾರದಲ್ಲೇ ನಿಂತುಹೋಗುತ್ತಿತ್ತು ಎಂದು ನಾನು ನಂಬುತ್ತೇನೆ, ನಿಲ್ಲುವುದೇ ನ್ಯಾಯವೂ ಆಗಿರುತ್ತಿತ್ತು.

ಮೋರಿಯ ತಳ ಇಳಿಸುವ ಕೆಲಸ ರಸ್ತೆ ನೋಡಿಕೊಳ್ಳುವ ಇಲಾಖೆಯಿಂದ ಆಗಬೇಕಿತ್ತು. ಮನವಿಗಳಿಗೆ ಉತ್ತರ ಬರಲಿಲ್ಲ; ಮಳೆಯಲ್ಲಿ ತೆಗೆದಿದ್ದ ವಿಡಿಯೊವನ್ನು ಎಂಜಿನಿಯರುಗಳ ಎದುರು ತೋರಿಸಿದ ಮೇಲೆ, ರಸ್ತೆಯ ದುರಸ್ತಿಯ ಜೊತೆಯಲ್ಲೇ ತಗ್ಗಿನ ಮಟ್ಟದಲ್ಲಿ ಹೊಸ ಮೋರಿ ಕೂಡಿಸಿದರು. ಕೋಡಿಯ ಕಚ್ಚನ್ನು ಸಣ್ಣ ನೀರಾವರಿ ಇಲಾಖೆ ಮುಚ್ಚಿತು. ಹದಿನೈದನೆಯ ಹಣಕಾಸು ಆಯೋಗದ ಅನುದಾನದಲ್ಲಿ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾದ ಪಾಲಿನಿಂದ ಪಟ್ಟಣ ಪಂಚಾಯಿತಿ ಚರಂಡಿಯನ್ನು ಏರಿಯ ಬದಿಯಿಂದ ತಿರುಗಿಸಿ, ಜೊಂಡು ಬೆಳೆಸಿದ ತಿಳಿಗೊಳಗಳಿಗೆ ಬಿಟ್ಟಿತು. ಬೇಸಿಗೆಯಲ್ಲಿ ಇದು ಕೆಲಸ ಮಾಡುತ್ತದೆ. ಜೋರು ಮಳೆಯಲ್ಲಿ ಚರಂಡಿ ಉಕ್ಕಿ ಈಗಲೂ ಕೆರೆಗೆ ಸೇರುತ್ತದೆ. ಹೀಗಾಗಿ ಕೆರೆಯ ನೀರನ್ನು ನೇರವಾಗಿ ಕುಡಿಯಲು ಬಳಸುವ ಪ್ರಸ್ತಾಪವನ್ನು ಕೈಬಿಡಲಾಗಿದೆ.

ಏನಾಯಿತು

2021ರ ನವೆಂಬರಿನ ಅಕಾಲ ಮಳೆಗೆ ಕೆರೆ ತುಂಬಿ ಕೋಡಿ ಬಿತ್ತು. ಊರಿನವರು ಬಾಗಿನ ಅರ್ಪಿಸಿದರು, ಸಮಿತಿಗೆ ಸನ್ಮಾನವಾಯಿತು. ಆದರೆ ಆ ವರ್ಷವಾಗಲಿ, ಮಳೆ ಮತ್ತೆ ಮಿತಿಮೀರಿದ 2022 ಆಗಲಿ, ಈ ಕೆಲಸದ ಯಶಸ್ಸಿಗೆ ಪುರಾವೆಯಲ್ಲ ಎಂಬುದನ್ನು ಒತ್ತಿ ಹೇಳಬೇಕು. ಏನೂ ಕೆಲಸ ಮಾಡದ ಎಷ್ಟೋ ಕೆರೆಗಳೂ ಆ ಎರಡು ವರ್ಷ ಕೋಡಿ ಬಿದ್ದವು. ಹೆಚ್ಚು ನಂಬಬಹುದಾದ ಸುಳಿವು ಬೇರೆ ಕಡೆಯಿತ್ತು: 2019ರಲ್ಲಿ ಮೋರಿಯ ಬಾಯಲ್ಲೇ ತಿರುಗಿಹೋಗುತ್ತಿದ್ದಂಥ ಸಾಧಾರಣ ಮಳೆಯ ನೀರು ಈಗ ಮೋರಿ ದಾಟಿ ಕೆರೆಗೆ ಇಳಿಯುತ್ತಿತ್ತು, ಮತ್ತು ಹೂಳುಗುಂಡಿಯಲ್ಲಿ ಮಣ್ಣು ತುಂಬುತ್ತಿತ್ತು.

ನಿಜವಾದ ಪರೀಕ್ಷೆ 2023ರದ್ದು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಕೆರೆಗೆ ಹೊಸ ನೀರು ಬಂದದ್ದು ಅತ್ಯಲ್ಪ. ಆದರೂ ಹಿಂದಿನ ವರ್ಷದ ನೀರು ಅಂಗಳದಲ್ಲಿ ಉಳಿದಿತ್ತು, ಏರಿಯ ಕೆಳಗಿನ ತೆರೆದ ಬಾವಿಗಳಲ್ಲಿ 2024ರ ಬೇಸಿಗೆಯ ಆರಂಭದವರೆಗೂ ನೀರಿತ್ತು. ಅದು ಹಾಗೆ ಉಳಿದದ್ದು ಮಳೆಯಿಂದಲ್ಲ, ಒಂದು ಕಟ್ಟುಪಾಡಿನಿಂದ. 2022ರಲ್ಲಿ ಕೆರೆ ತುಂಬಿದಾಗ ಅಚ್ಚುಕಟ್ಟಿನವರು ಭತ್ತ ನಾಟಿ ಮಾಡಲು ತೂಬು ಎತ್ತಬೇಕೆಂದಿದ್ದರು. ಸಭೆಯಲ್ಲಿ ಭತ್ತ ಬೇಡ, ರಾಗಿಗೂ ತರಕಾರಿಗೂ ಸರದಿಯ ಮೇಲೆ ಒಂದು ಬೆಳೆಗಾಗುವಷ್ಟು ನೀರು ಬಿಡೋಣ, ತೂಬಿನ ಕಲ್ಲುಕಂಬದ ಮೇಲೆ ಬಣ್ಣದಲ್ಲಿ ಗುರುತಿಸಿದ ಮಟ್ಟಕ್ಕೆ ನೀರು ಇಳಿದ ದಿನ ತೂಬು ಮುಚ್ಚೋಣ, ಅಂಗಳಕ್ಕೆ ಯಾರೂ ಮೋಟಾರ್ ಇಳಿಸಬಾರದು ಎಂದು ನಿಶ್ಚಯವಾಯಿತು. ತೂಬಿನ ಉಸ್ತುವಾರಿಯನ್ನು ಮತ್ತೆ ಆ ನೀರುಗಂಟಿ ಮನೆತನಕ್ಕೇ ಒಪ್ಪಿಸಿ, ರೈತರಿಂದ ಎಕರೆ ಲೆಕ್ಕದಲ್ಲಿ ಕಾಳು ಕೊಡುವ ಹಳೆಯ ಪದ್ಧತಿಯನ್ನು ಹಣದ ರೂಪದಲ್ಲಿ ಮುಂದುವರಿಸಿದರು.

ಈ ಕಟ್ಟುಪಾಡಿನ ಲಾಭ ಎಲ್ಲರಿಗೂ ಸಮನಾಗಿ ಸಿಕ್ಕಿಲ್ಲ. ತೂಬು ಮುಚ್ಚಿದಾಗ ಅಂಗಳದಿಂದ ಇಂಗುವ ನೀರು ಅಚ್ಚುಕಟ್ಟಿನ ಬೋರ್‌ವೆಲ್‌ಗಳಿಗೆ ಹೋಗುತ್ತದೆ. ಬೋರ್‌ವೆಲ್ ಇದ್ದವರು ತೂಬು ಮುಚ್ಚಿಯೇ ಇರಲಿ ಎನ್ನುತ್ತಾರೆ, ಕೊರೆಸುವ ಶಕ್ತಿಯಿಲ್ಲದವರಿಗೆ ತೂಬಿನಿಂದ ಬಿಡುವ ಕಾಲುವೆ ನೀರೊಂದೇ ದಾರಿ. ತುಂಬಿದ ಕೆರೆ ಇಲ್ಲಿ ಹೊಸ ಅಸಮಾನತೆಯನ್ನೂ ತಂದಿದೆ. ಬೋರ್‌ವೆಲ್ ಇರುವವರು ಪಕ್ಕದ ಒಂದೆರಡು ಹೊಲಗಳಿಗೆ ನೀರು ಹಂಚಿಕೊಡುವ ಒಪ್ಪಂದ ಮೂರು ಗುಂಪುಗಳಲ್ಲಿ ನಡೆಯುತ್ತಿದೆ, ಉಳಿದವರಲ್ಲಿ ಇನ್ನೂ ಮಾತಿನ ಹಂತದಲ್ಲಿದೆ.

ಬೇರೆ ಊರುಗಳಲ್ಲಿ ಇಂಥ ಕೆಲಸಕ್ಕೆ ಇಳಿಯುವವರು ಈ ಪ್ರಕರಣದಿಂದ ಮುಖ್ಯವಾಗಿ ಗಮನಿಸಬೇಕಾದದ್ದು ಕೆಲಸದ ಅನುಕ್ರಮ. ಇಲ್ಲಿ ಅಂಗಳ ಮೊದಲಾಯಿತು, ಕಾಲುವೆ ನಂತರ, ಗುಡ್ಡ ಆಮೇಲೆ. ಆಗಬೇಕಾಗಿದ್ದದ್ದು ಇದರ ತಿರುವುಮುರುವು. ಗುಡ್ಡದ ಮಣ್ಣು ತಡೆಯದೆ ಹೂಳೆತ್ತಿದ್ದರಿಂದ ಮೊದಲ ವರ್ಷದ ಗುಂಡಿಗಳ ಒಂದು ಭಾಗ ಮತ್ತೆ ತುಂಬಿಕೊಂಡಿದೆ. ಮಳೆಗಾಲದಲ್ಲಿ ಕಾಲುವೆ ನಡೆದು ನೋಡುವುದು, ಕೋಡಿಯ ಮಟ್ಟ ಪರಿಶೀಲಿಸುವುದು, ಮೇಲಿನ ಪಂಚಾಯಿತಿಗಳ ಕ್ರಿಯಾಯೋಜನೆ ಓದುವುದು, ಈ ಮೂರೂ ಹಣವಿಲ್ಲದೆ ಆಗುವ ಕೆಲಸಗಳು. ಹೂಳೆತ್ತುವ ನಿರ್ಧಾರ ಇವುಗಳ ನಂತರ ಬಂದರೆ ಎಷ್ಟು ಆಳ ಬೇಕೆಂಬುದು ತಾನಾಗಿ ತಿಳಿಯುತ್ತದೆ.

ಸದ್ಯಕ್ಕೆ ಬಗೆಹರಿಯದೆ ಉಳಿದಿರುವುದು ನಿರ್ವಹಣೆಯ ಖರ್ಚು. ಹೂಳುಗುಂಡಿಯನ್ನು ಪ್ರತಿ ವರ್ಷ ಮುಂಗಾರಿಗೆ ಮೊದಲು ಖಾಲಿ ಮಾಡಬೇಕು, ಕಲ್ಲುತಡೆಗಳಲ್ಲಿ ಜಾರಿದ ಕಲ್ಲುಗಳನ್ನು ಮತ್ತೆ ಕೂಡಿಸಬೇಕು, ಮೋರಿಯ ಬಾಯನ್ನು ಕಸದಿಂದ ಮುಕ್ತವಾಗಿಡಬೇಕು. ಪಟ್ಟಣ ಪಂಚಾಯಿತಿ 2024ರ ಆಯವ್ಯಯದಲ್ಲಿ ತನ್ನ ಗಡಿಯೊಳಗಿನ ಕಾಲುವೆಗೆಂದು ಒಂದು ಬಾಬ್ತು ತೆಗೆದಿಟ್ಟಿದೆ. ಗಡಿಯಾಚೆಯ ಭಾಗಕ್ಕೆ ಎರಡು ಗ್ರಾಮ ಪಂಚಾಯಿತಿಗಳಲ್ಲಿ ಒಂದು ಮಾತ್ರ ಠರಾವು ಮಾಡಿದೆ. ಇನ್ನೊಂದರ ಸದಸ್ಯರು, ಕೆರೆಯಲ್ಲಿ ಮುಂದೆ ಮೀನು ಸಾಕಣೆ ನಡೆದರೆ ಅದರ ಆದಾಯದಲ್ಲಿ ಮೇಲಿನ ಹಳ್ಳಿಗಳಿಗೂ ಪಾಲು ಬೇಕೆಂದು ಕೇಳಿದ್ದಾರೆ. ಸಮಿತಿ ಆ ಬೇಡಿಕೆಯನ್ನು ನ್ಯಾಯವೆಂದು ಒಪ್ಪಿ ಇಲಾಖೆಗೆ ಬರೆದಿದೆ, ಉತ್ತರಕ್ಕಾಗಿ ಕಾಯುತ್ತಿದೆ.